ಮನೆಯಲ್ಲಿ ಕಾಯಿಸಿದ ತಲೆಯೆಣ್ಣೆ ಎರಡೇ ವಾರಕ್ಕೆ ಕೆಟ್ಟುಹೋಯಿತು, ಏಕೆ?

ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ ಕರಿಬೇವು, ದಾಸವಾಳ, ಒಂದೆಲಗ ಹಾಕಿ ಹತ್ತು ನಿಮಿಷ ಕುದಿಸಿದಿರಿ. ಎಣ್ಣೆ ಒಳ್ಳೆಯ ಹಸಿರು ಬಣ್ಣಕ್ಕೆ ತಿರುಗಿದಾಗ ಇಳಿಸಿ ಬಾಟಲಿಗೆ ತುಂಬಿದಿರಿ. ಎರಡು ವಾರದಲ್ಲಿ ಕಮಟು ವಾಸನೆ ಬಂದು ಬೂಷ್ಟು ಕಟ್ಟಿತು. ತಪ್ಪೆಲ್ಲಾಯಿತು, ಸರಿಯಾಗಿ ಕಾಯಿಸುವುದು ಹೇಗೆ, ಹೆರಿಗೆಯಾಗಿ ನಾಲ್ಕು ತಿಂಗಳಿಗೆ ಗೊಂಚಲು ಗೊಂಚಲಾಗಿ ಬರುತ್ತಿರುವ ಕೂದಲು ಇದರಿಂದ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ.

ನೀವು ಹಾಕಿದ ಸೊಪ್ಪಿನಲ್ಲಿ ಯಾವ ದೋಷವೂ ಇಲ್ಲ. ಅದರೊಳಗಿನ ನೀರು ಎಣ್ಣೆಯಲ್ಲೇ ಉಳಿಯಿತು, ಅಷ್ಟೇ. ಹಸಿ ಸೊಪ್ಪಿನ ತೂಕದಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಶುದ್ಧ ಎಣ್ಣೆಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಅದಕ್ಕೆ ತೇವ ಬೇಕು. ಎಣ್ಣೆ ಕಾಯಿಸುವುದೆಂದರೆ ಸೊಪ್ಪಿನ ಸಾರವನ್ನು ಎಣ್ಣೆಗೆ ಇಳಿಸಿ, ನೀರನ್ನು ಕೊನೆಯ ಹನಿಯವರೆಗೂ ಹೊರಗೆ ಕಳಿಸುವುದು. ಹಸಿರು ಬಣ್ಣ ಮೊದಲ ಹತ್ತು ನಿಮಿಷದಲ್ಲೇ ಬಂದುಬಿಡುತ್ತದೆ. ಅದನ್ನು ಹದವೆಂದು ನಂಬಿದರೆ ಎಣ್ಣೆ ಕೆಡುತ್ತದೆ.

ನಾನು ಸಾಗರದ ಕಡೆಯವಳು. ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸುತ್ತಿದ್ದವರು ದೊಡ್ಡಮ್ಮ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನೊಬ್ಬಳೇ ಕಾಯಿಸಿದ್ದು ಆಗಸ್ಟ್ ತಿಂಗಳ ಜಡಿಮಳೆಯಲ್ಲಿ. ತೊಳೆದ ಸೊಪ್ಪನ್ನು ಆರಿಸದೆಯೇ ಹಾಕಿದೆ, ಬಣ್ಣ ನೋಡಿ ಇಳಿಸಿದೆ, ಬಿಸಿಯಿರುವಾಗಲೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಹನ್ನೊಂದನೆಯ ದಿನಕ್ಕೆ ಎಲ್ಲವನ್ನೂ ಚೆಲ್ಲಬೇಕಾಯಿತು. ಒಂದು ಲೀಟರ್ ಗಾಣದ ಎಣ್ಣೆ! ಫೋನಿನಲ್ಲಿ ಹೇಳಿಕೊಂಡಾಗ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದರು: "ಸದ್ದು ಅಡಗಿತ್ತೇನೇ?" ಆ ಪ್ರಶ್ನೆಯ ಅರ್ಥ ನನಗೆ ತಿಳಿಯಲು ಇನ್ನೂ ಎರಡು ಸಲ ಕಾಯಿಸಬೇಕಾಯಿತು. ನಿಮಗೆ ಅಷ್ಟು ಎಣ್ಣೆ ಖರ್ಚಾಗದಿರಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸೊಪ್ಪಿನ ವಿಷಯ. ನೀವು ಗರುಗವನ್ನು ಬಿಟ್ಟಿದ್ದೀರಿ. ಭೃಂಗರಾಜ ಎಂದು ಅಂಗಡಿಯ ಡಬ್ಬಿಯ ಮೇಲೆ ಬರೆದಿರುವುದು ಅದನ್ನೇ. ಗದ್ದೆಯ ಬದುವಿನಲ್ಲಿ, ತೋಟದ ಕಾಲುವೆಯ ಪಕ್ಕದಲ್ಲಿ, ನೀರು ನಿಲ್ಲುವಲ್ಲೆಲ್ಲ ತಾನಾಗಿ ಬೆಳೆಯುತ್ತದೆ. ಹೂವು ಚಿಕ್ಕದು, ಬಿಳಿ. ಹಳದಿ ಹೂವಿನ ಬೇರೊಂದು ಗಿಡವನ್ನೂ ಕೆಲವರು ಗರುಗವೆಂದೇ ಕರೆಯುತ್ತಾರೆ, ಹಾಗಾಗಿ ಹೂವು ನೋಡಿಯೇ ಕೀಳಿರಿ. ಇನ್ನೂ ಅನುಮಾನವಿದ್ದರೆ ದಂಟನ್ನು ಮುರಿದು ಅಂಗೈಗೆ ಉಜ್ಜಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ರಸ ಕಪ್ಪಾಗುತ್ತದೆ. ಕಳೆನಾಶಕ ಹೊಡೆದ ಗದ್ದೆಯದ್ದಂತೂ ಬೇಡವೇ ಬೇಡ. ಒಂದೆಲಗದ ಬಗ್ಗೆಯೂ ಒಂದು ಮಾತು: ನಾವು ತಂಬುಳಿ ಮಾಡುವ ದುಂಡನೆಯ ಎಲೆಯ ಒಂದೆಲಗವೂ, ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಯೂ ಎರಡು ಬೇರೆ ಬೇರೆ ಗಿಡಗಳು. ಅಂಗಡಿಯಲ್ಲಿ ಎರಡಕ್ಕೂ ಬ್ರಾಹ್ಮಿ ಎನ್ನುತ್ತಾರೆ. ನಮ್ಮ ಮನೆಯ ಎಣ್ಣೆಗೆ ಬೀಳುವುದು ಒಂದೆಲಗ.

ಅರ್ಧ ಲೀಟರ್ ಎಣ್ಣೆಗೆ ನನ್ನ ಲೆಕ್ಕ ಹೀಗಿದೆ. ಗರುಗ ಮತ್ತು ಒಂದೆಲಗವನ್ನು ಸ್ವಲ್ಪ ನೀರು ಬೆರೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಒಂದು ಲೀಟರ್ ರಸ ತೆಗೆಯುತ್ತೇನೆ. ಎರಡು ಚಮಚ ನೆನೆಸಿದ ಮೆಂತ್ಯ, ಬೀಜ ತೆಗೆದ ನಾಲ್ಕು ನೆಲ್ಲಿಕಾಯಿ, ಒಂದು ಹಿಡಿ ಕರಿಬೇವು ಸೇರಿಸಿ ಬೇರೆಯಾಗಿ ನುಣ್ಣಗೆ ಅರೆಯುತ್ತೇನೆ. ಇದೇ ಕಲ್ಕ. ಆಯುರ್ವೇದದ ಸಾಮಾನ್ಯ ಪ್ರಮಾಣದಲ್ಲಿ ಕಲ್ಕ 1 ಪಾಲಾದರೆ ಎಣ್ಣೆ 4 ಪಾಲು, ದ್ರವ 16 ಪಾಲು. ಅಷ್ಟು ದ್ರವವನ್ನು ಇಂಗಿಸಲು ಅರ್ಧ ದಿನವೇ ಬೇಕಾದೀತು, ಮನೆಯ ಗ್ಯಾಸಿಗೆ ಅದು ದುಬಾರಿ. ನನ್ನದು ಮನೆಮಟ್ಟದ ಸರಳ ಲೆಕ್ಕ. ದಾಸವಾಳದ ಎಲೆಯನ್ನು ನಾನು ಎಣ್ಣೆಗೆ ಹಾಕುವುದೇ ಇಲ್ಲ. ಅದರ ಲೋಳೆ ತಳ ಹಿಡಿಯುತ್ತದೆ. ಅದನ್ನು ನೀರಿನಲ್ಲಿ ಕಿವುಚಿ ಗೊಂಪು ಮಾಡಿ ತಲೆ ತೊಳೆಯಲು ಬಳಸುವುದೇ ಮೇಲು.

ಪಾತ್ರೆ ದಪ್ಪ ತಳದ್ದಾಗಿರಲಿ, ಹಾಕುವ ಒಟ್ಟು ಪ್ರಮಾಣದ ಎರಡರಷ್ಟಾದರೂ ಹಿಡಿಯುವಂತಿರಲಿ, ನೊರೆ ಉಕ್ಕುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದರೆ ಎಣ್ಣೆ ಕಪ್ಪಾಗುತ್ತದೆ ಎಂದು ಹಲವರು ಹಿಗ್ಗುತ್ತಾರೆ. ನೆಲ್ಲಿಕಾಯಿಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುವುದು ಸಹಜ, ಹಿಂದೆ ಬರೆಯುವ ಮಸಿಯನ್ನೂ ಇದೇ ಗುಣದಿಂದ ಮಾಡುತ್ತಿದ್ದರು. ಆ ಕಪ್ಪಿನಿಂದ ನರೆ ಕಪ್ಪಾಗುವುದಿಲ್ಲ. ತಾಮ್ರ ಮಾತ್ರ ಬೇಡ, ಎಣ್ಣೆ ಬೇಗ ಕಮಟುತ್ತದೆ. ನಾನು ಬಳಸುವುದು ದಪ್ಪ ತಳದ ಸ್ಟೀಲ್ ಪಾತ್ರೆ.

ಇನ್ನು ಹದ. ಎಣ್ಣೆ, ರಸ, ಕಲ್ಕ ಮೂರನ್ನೂ ತಣ್ಣಗಿರುವಾಗಲೇ ಸೇರಿಸಿ ಒಲೆಗಿಡಿ. ಕಾದ ಎಣ್ಣೆಗೆ ರಸ ಸುರಿದರೆ ಸಿಡಿದು ಮೈ ಸುಡುತ್ತದೆ. ಮೊದಮೊದಲು ಸಾರು ಕುದಿಯುವಂತೆ ಗುಳುಗುಳು ಸದ್ದು. ಈ ಹಂತದಲ್ಲಿ ನೀವು ನೆಮ್ಮದಿಯಿಂದ ಇರಬಹುದು: ನೀರಿರುವವರೆಗೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಏನೂ ಸೀಯುವುದಿಲ್ಲ. ಆಗಾಗ ಕೈಯಾಡಿಸಿ ತಳ ಬಿಡಿಸಿದರೆ ಸಾಕು. ಸಣ್ಣ ಉರಿಯಲ್ಲಿ ಎರಡು ಗಂಟೆಯಾದರೂ ಹಿಡಿಯುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ. ಗುಳುಗುಳು ಹೋಗಿ ಹಪ್ಪಳ ಕರಿಯುವಾಗಿನಂಥ ತೆಳುವಾದ ಚಟಪಟ ಶುರುವಾಗುತ್ತದೆ, ಹಬೆ ಕಡಿಮೆಯಾಗುತ್ತದೆ, ಕಲ್ಕ ಎಣ್ಣೆಯಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಇಲ್ಲಿಂದ ಮುಂದೆ ಒಲೆ ಬಿಟ್ಟು ಕದಲಬೇಡಿ. ಮಗು ಅತ್ತರೆ ಉರಿ ಆರಿಸಿಯೇ ಹೋಗಿ. ನೀರು ಮುಗಿಯುತ್ತಿದ್ದಂತೆ ಎಣ್ಣೆಯ ಶಾಖ ಸರಸರನೆ ಏರುತ್ತದೆ, ಎರಡು ಗಂಟೆ ಏನೂ ಆಗದ ಕಲ್ಕ ಎರಡು ನಿಮಿಷದಲ್ಲಿ ಸೀದು ಹೋಗುತ್ತದೆ.

ಒಂದು ಚಮಚದಲ್ಲಿ ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉರುಟಿ. ಅಂಟಿದರೆ ಇನ್ನೂ ಹಸಿ. ಬತ್ತಿಯಂತೆ ಉರುಳಿದರೆ ಹದ ಹತ್ತಿರ ಬಂದಿದೆ. ಆ ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಒಡ್ಡಿ. ಚಟಚಟ ಎಂದರೆ ಒಳಗೆ ನೀರಿದೆ. ಸದ್ದಿಲ್ಲದೆ ಉರಿದರೆ ನೀರು ಹೋಗಿದೆ. ಇನ್ನೊಂದು ಗುರುತೂ ಇದೆ: ತುಪ್ಪ ಪಾಕಕ್ಕೆ ಬಂದಾಗ ನೊರೆ ಅಡಗುತ್ತದೆ, ಎಣ್ಣೆಯ ಪಾಕದಲ್ಲಿ ಕೊನೆಗೆ ನೊರೆ ಏಳುತ್ತದೆ. ಬೆಣ್ಣೆ ಕಾಯಿಸಿದ ಅಭ್ಯಾಸದಲ್ಲಿ ಇದನ್ನು ತಿರುವುಮುರುವಾಗಿ ತಿಳಿಯುವವರೇ ಹೆಚ್ಚು. ಮೈತಲೆಗೆ ಹಚ್ಚುವ ಎಣ್ಣೆಗೆ ಕಲ್ಕ ಬತ್ತಿಯ ಹದ ದಾಟಿ ತುಸು ಗಟ್ಟಿಯಾಗಬೇಕು, ಬೆರಳಿಗೆ ಸಣ್ಣ ಮರಳಿನಂತೆ ತಾಗಬೇಕು. ಅದೇ ಖರಪಾಕ. ಸದ್ದು ಪೂರ್ತಿ ಅಡಗುವ ಒಂದು ಕ್ಷಣ ಮೊದಲು ಉರಿ ಆರಿಸಿ, ಉಳಿದದ್ದನ್ನು ಪಾತ್ರೆಯ ಬಿಸಿಯೇ ಮಾಡಿ ಮುಗಿಸುತ್ತದೆ. ದೊಡ್ಡಮ್ಮ ಜಗಲಿಯಲ್ಲಿ ಅಡಕೆ ಸುಲಿಯುತ್ತ ಕೂತಲ್ಲಿಂದಲೇ "ಈಗ ಇಳಿಸು" ಎನ್ನುತ್ತಿದ್ದರು. ಒಲೆಯತ್ತ ಅವರು ತಿರುಗಿ ನೋಡುತ್ತಲೂ ಇರಲಿಲ್ಲ.

ಉಗುರುಬೆಚ್ಚಗಾದ ಮೇಲೆ ಒಣಗಿದ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಳದ ಗಸಿ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಗಾಜಿನ ಬಾಟಲಿಗೆ ಬಗ್ಗಿಸಿ. ಬಿಸಿಯಿರುವಾಗ ಮುಚ್ಚಳ ಹಾಕಿದರೆ ಹಬೆ ಮುಚ್ಚಳದ ಅಡಿಯಲ್ಲಿ ಹನಿಗಟ್ಟಿ ಮತ್ತೆ ಎಣ್ಣೆಗೇ ಬೀಳುತ್ತದೆ. ಎರಡು ಗಂಟೆ ಕಷ್ಟಪಟ್ಟು ಓಡಿಸಿದ ನೀರನ್ನು ನಾವೇ ಕರೆದು ಒಳಗಿಟ್ಟಂತೆ. ಹೀಗೆ ಕಾಯಿಸಿದ್ದು ನಮ್ಮ ಮನೆಯಲ್ಲಿ ಆರು ತಿಂಗಳು ಕೆಡದೆ ಉಳಿಯುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಂಥ ಊರಲ್ಲಿ ಗಟ್ಟಿಯಾದರೆ ಗಾಬರಿ ಬೇಡ, ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಡಿ.

ಹಸಿ ಗರುಗ ಸಿಗದಿದ್ದರೆ ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ ಪುಡಿ ಸಿಗುತ್ತದೆ. ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಆ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಎರಡು ಗಂಟೆ ಬಿಸಿ ಮಾಡಿ ಸೋಸಿದರಾಯಿತು. ಇದಕ್ಕೆ ಹದದ ತಲೆಬಿಸಿ ಇಲ್ಲ, ಹಸಿ ಸೊಪ್ಪಿನ ಪರಿಮಳವೂ ಇಲ್ಲ. ಹಸಿ ಸೊಪ್ಪನ್ನು ಬಾಟಲಿಗೆ ತುರುಕಿ ಎಣ್ಣೆ ಹೊಯ್ದು ವಾರಗಟ್ಟಲೆ ಬಿಸಿಲಿಗಿಡುವ ಪದ್ಧತಿಯನ್ನು ಮಾತ್ರ ಮಾಡಬೇಡಿ, ಅಲ್ಲಿ ನೀರು ಹೋಗುವ ದಾರಿಯೇ ಇಲ್ಲ.

ಈಗ ನಿಮ್ಮ ಕೂದಲು. ಇಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಹೆರಿಗೆಯ ನಂತರ ಎರಡರಿಂದ ನಾಲ್ಕು ತಿಂಗಳಿಗೆ ಕೂದಲು ಹೀಗೆ ಉದುರುವುದು ಬಹಳ ಜನರಿಗೆ ಆಗುತ್ತದೆ. ಬಸಿರಿನಲ್ಲಿ ಉದುರದೆ ನಿಂತಿದ್ದ ಕೂದಲೆಲ್ಲ ಒಟ್ಟಿಗೆ ಬೀಳುತ್ತದೆ, ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಆಗ ಹಚ್ಚುತ್ತಿದ್ದ ಎಣ್ಣೆಗೆ ಕೀರ್ತಿ ಸಿಗುತ್ತದೆ. ನನ್ನ ಮೊದಲ ಬಾಣಂತನದಲ್ಲೂ ಹಾಗೇ ಆಯಿತು. ಎಣ್ಣೆಯಿಂದ ನಿಜವಾಗಿ ಆಗುವ ಉಪಕಾರ ಇರುವ ಕೂದಲಿಗೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿಯಬಲ್ಲದು. ಹಾಗಾಗಿ ತಲೆಸ್ನಾನಕ್ಕೆ ಮುಂಚೆ ಹಚ್ಚಿ, ಒಂದೆರಡು ಗಂಟೆ ಬಿಟ್ಟು ತೊಳೆಯಿರಿ. ಸುಸ್ತು, ತಲೆಸುತ್ತು ಇದ್ದರೆ, ಅಥವಾ ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ ರಕ್ತದಲ್ಲಿ ಕಬ್ಬಿಣದ ಅಂಶ ಮತ್ತು ಥೈರಾಯ್ಡ್ ನೋಡಿಸಿಕೊಳ್ಳಿ. ತಲೆಯಲ್ಲಿ ಹೊಟ್ಟು ಜಿಡ್ಡುಜಿಡ್ಡಾಗಿ ತುರಿಸುತ್ತಿದ್ದರೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯ ಜಿಡ್ಡೇ ಆಹಾರ.

ಮಗುವಿಗೂ ಇದೇ ಎಣ್ಣೆ ಹಚ್ಚುವ ಯೋಚನೆಯಿದ್ದರೆ ಬೇಡ. ಸೊಪ್ಪು ಹಾಕದ ಬರಿಯ ಕೊಬ್ಬರಿ ಎಣ್ಣೆ ಸಾಕು. ಪರಿಮಳಕ್ಕೆಂದು ಕೆಲವರು ಎಣ್ಣೆಗೆ ಕರ್ಪೂರ ಹಾಕುತ್ತಾರೆ. ಕೂಸಿರುವ ಮನೆಯಲ್ಲಿ ಅದನ್ನು ಖಂಡಿತ ಹಾಕಬೇಡಿ, ಎಳೆಮಕ್ಕಳಿಗೆ ಕರ್ಪೂರದಿಂದ ಫಿಟ್ಸ್ ಬರುವ ಅಪಾಯವಿದೆ. ನೀವೂ ಮೊದಲ ದಿನ ಮೊಣಕೈಯ ಒಳಭಾಗಕ್ಕೆ ಎರಡು ಹನಿ ಹಚ್ಚಿ, ಮರುದಿನ ನೋಡಿ, ಆಮೇಲೆ ತಲೆಗೆ ಹಚ್ಚಿ.

ಕೆಟ್ಟ ಎಣ್ಣೆಯನ್ನು ಸೋಸಿ ಮತ್ತೆ ಕಾಯಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ನಾನೂ ಹಾಗೆ ಮಾಡಿ ನೋಡಿದ್ದೇನೆ, ಕಮಟು ಹೋಗುವುದಿಲ್ಲ, ಬೂಷ್ಟು ಬಂದದ್ದನ್ನು ತಲೆಗೆ ಹಚ್ಚುವುದೂ ಸರಿಯಲ್ಲ. ಚೆಲ್ಲಿಬಿಡಿ. ಬಾಟಲಿಯನ್ನು ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ನೀರು ಇಳಿಸಿ, ಎರಡು ದಿನ ಬಿಸಿಲಿಗಿಡಿ. ಮಳೆ ಬಿಟ್ಟು ನಾಲ್ಕು ದಿನ ಚೆನ್ನಾಗಿ ಬಿಸಿಲು ಬಂದಾಗ ಹೊಸ ಎಣ್ಣೆಗೆ ಕೂರಿ.