ಸಂಬಳ ತಗೊಳ್ಳೋರಿಗೆ ಶಾಲು ಯಾಕೆ?

“ಸಂಪಾದಕರೇ, ನಾವು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೆಯ ವಿದ್ಯಾರ್ಥಿಗಳು. ಈ ಸಲ ಶಿಕ್ಷಕರ ದಿನಾಚರಣೆಗೆ ಶಾಲೆಯ ಶಿಕ್ಷಕರನ್ನೂ ದಾನಿಗಳನ್ನೂ ಸನ್ಮಾನಿಸಲು ಹೊರಟಿದ್ದೇವೆ. ‘ಸಂಬಳ ತಗೊಂಡು ಕೆಲಸ ಮಾಡೋರಿಗೆ ಸನ್ಮಾನ ಯಾಕೆ? ಅವರ ಮಕ್ಕಳೇ ಕಾನ್ವೆಂಟಿಗೆ ಹೋಗ್ತಾವೆ’ ಎಂದು ಕೆಲವರು ತಕರಾರು ತೆಗೆದಿದ್ದಾರೆ. ತಾವು ಏನನ್ನುತ್ತೀರಿ? ಆಮಂತ್ರಣ ಪತ್ರಿಕೆಯ ಕರಡು ಲಗತ್ತಿಸಿದ್ದೇನೆ. ತಪ್ಪಿದ್ದರೆ ತಿದ್ದಿಕೊಡಿ.”
— ನಿವೃತ್ತ ಬ್ಯಾಂಕ್ ಉದ್ಯೋಗಿ (ಹೆಸರು ಬೇಡ)

ಸ್ವಾಮೀ,

ಹೆಸರು ಹಾಕಬೇಡಿ ಅಂದಿರಿ, ಹಾಕಿಲ್ಲ. ತಕರಾರಿನವರಿಗೆ ಹೆದರಿ ಹಾಗಂದಿದ್ದರೆ ಮಾತ್ರ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಅವರ ಮಾತಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಹನ್ನೊಂದು ಗಂಟೆಗೆ ಸೈಟು ತೋರಿಸಲು ಬೈಕು ಹತ್ತುವ ಮೇಷ್ಟ್ರನ್ನು ನಾನೂ ಕಂಡಿದ್ದೇನೆ. ಅಂಥವರಿಗೆ ಹೊದಿಸಿದರೆ ಶಾಲಿಗೇ ಅವಮಾನ. ಇಷ್ಟು ಒಪ್ಪಿಕೊಂಡೆ, ಮುಂದಕ್ಕೆ ಹೋಗೋಣ.

ಸಂಬಳ ನೀವೂ ತಗೊಂಡಿರಿ. ನಿವೃತ್ತಿಯ ದಿನ ಬ್ಯಾಂಕಿನವರು ನಿಮಗೊಂದು ಹಾರ ಹಾಕಿ, ಗೋಡೆ ಗಡಿಯಾರವನ್ನೋ ಬೆಳ್ಳಿ ಲೋಟವನ್ನೋ ಕೊಟ್ಟೇ ಕಳಿಸಿರುತ್ತಾರೆ. ಆವತ್ತು ಯಾರಾದರೂ ಸಂಬಳದ ಮಾತೆತ್ತಿದರೇ? ರಾಧಾಕೃಷ್ಣನ್ ಅವರೂ ಸಂಬಳದ ಮೇಷ್ಟ್ರೇ. 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟರು. 1921ರಲ್ಲಿ ಕಲ್ಕತ್ತಾಗೆ ಹೊರಟಾಗ ಹುಡುಗರು ಅವರನ್ನು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಕೂರಿಸಿ, ಕುದುರೆಯ ಜಾಗದಲ್ಲಿ ತಾವೇ ನಿಂತು ರೈಲು ನಿಲ್ದಾಣದವರೆಗೂ ಎಳೆದುಕೊಂಡು ಹೋದರು. ನಾವು 1962ರಿಂದ ಆಚರಿಸುತ್ತಿರುವ ಸೆಪ್ಟೆಂಬರ್ 5 ಅವರದೇ ಹುಟ್ಟುಹಬ್ಬ. ಆ ಹುಡುಗರು ಮೇಷ್ಟ್ರಿಂದ ಅರ್ಜಿ ಕೇಳಿರಲಿಲ್ಲ. ಈಗ ರಾಷ್ಟ್ರ ಪ್ರಶಸ್ತಿ ಬೇಕೆಂದರೆ ಶಿಕ್ಷಕರು ತಮ್ಮ ಹೆಸರನ್ನು ತಾವೇ ಆನ್‌ಲೈನಿನಲ್ಲಿ ಸೂಚಿಸಿಕೊಳ್ಳಬೇಕು, ತಾವು ಏನೇನು ಸಾಧಿಸಿದೆವು ಎಂದು ತಾವೇ ಬರೆದುಕೊಳ್ಳಬೇಕು. ಸಂಕೋಚದ ಮನುಷ್ಯ ಅಲ್ಲೇ ಫೇಲು.

ನನ್ನ ಸ್ವಂತ ವಿಚಾರ ಹೇಳುತ್ತೇನೆ. ದಾಖಲೆಯಲ್ಲಿ ನಾನು ಹುಟ್ಟಿದ್ದು ಜೂನ್ 1. ನನ್ನ ತರಗತಿಯ ಅರ್ಧ ಮಕ್ಕಳು ಹುಟ್ಟಿದ್ದೂ ಜೂನ್ 1. ನಿಮ್ಮದೂ ಅದೇ ಇದ್ದರೆ ಆಶ್ಚರ್ಯವಿಲ್ಲ. ಜೂನ್ ತಿಂಗಳು ಬಂತೆಂದರೆ ನಮ್ಮ ಹೆಡ್ಮಾಸ್ಟರು ದಾಖಲಾತಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಕೇರಿ ಕೇರಿ ಸುತ್ತುತ್ತಿದ್ದರು. ನನ್ನನ್ನು ಹಿಡಿದದ್ದು ರಾಗಿ ಹೊಲದ ಬದುವಿನಲ್ಲಿ. ಬಲಗೈಯನ್ನು ನೆತ್ತಿಯ ಮೇಲಿಂದ ಬಗ್ಗಿಸಿ ಎಡಗಿವಿ ಮುಟ್ಟು ಅಂದರು. ಬೆರಳ ತುದಿ ಕಿವಿಗೆ ತಾಕಲಿಲ್ಲ. ಅವರೇ ನನ್ನ ತಲೆಯನ್ನು ಮೆಲ್ಲಗೆ ಬಲಕ್ಕೆ ಒತ್ತಿದರು, ತಾಕಿತು. “ಆಯ್ತು, ಇವನಿಗೆ ಆರು ತುಂಬಿದೆ” ಎಂದು ಬರೆದುಕೊಂಡರು. ನನ್ನವ್ವನಿಗೆ ನಾನು ಹುಟ್ಟಿದ್ದು ಕಡಲೆಕಾಯಿ ಕೀಳುವಾಗ ಎಂಬುದಷ್ಟೇ ನೆನಪು. ಆ ಸುಳ್ಳಿಗೆ ಅವರಿಗೆ ಸಂಬಳದಲ್ಲಿ ಒಂದು ಪೈಸೆಯೂ ಹೆಚ್ಚು ಸಿಕ್ಕಿರಲಾರದು. ನಾನು ಸಂಪಾದಕನ ಕುರ್ಚಿಯಲ್ಲಿ ಕೂತಿರುವುದು ಮಾತ್ರ ಅದರ ದೆಸೆಯಿಂದ.

ಅದು ಹಳೇ ಕಾಲ, ಈಗಿನವರು ಹಾಗಿಲ್ಲ ಅನ್ನಬೇಡಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಬಂದವರು ವರದಿ ಬರೆದು ಸುಮ್ಮನಾಗಲಿಲ್ಲ. ಹಾಡು, ಕತೆ, ಕಲಿಕಾ ಕಾರ್ಡು ಎಲ್ಲವನ್ನೂ ಕೂತು ಕನ್ನಡದಲ್ಲಿ ಹೊಸದಾಗಿ ಕಟ್ಟಿದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಒಂದನೇ ತರಗತಿಯ ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ತಾನೇ ಬೆರಳಿಟ್ಟು ತೋರಿಸುವುದನ್ನು ನೋಡಿದ್ದೀರಾ? ಇಲ್ಲದಿದ್ದರೆ ನಾಳೆಯೇ ನಿಮ್ಮ ಶಾಲೆಗೆ ಹೋಗಿ ನೋಡಿ. ಅದಕ್ಕೆ ಸಮಾರಂಭ ಬೇಕಿಲ್ಲ.

ಹೋದಾಗ ಮೇಷ್ಟ್ರು ತರಗತಿಯಲ್ಲಿ ಸಿಗುತ್ತಾರೋ ಇಲ್ಲವೋ, ಅದು ಬೇರೆ ಮಾತು. ಮೊಟ್ಟೆಯ ಲೆಕ್ಕ ಬರೆಯುತ್ತಿರಬಹುದು. ಒಂದು ಮೊಟ್ಟೆಗೆ ಆರು ರೂಪಾಯಿ ಅಂತ ಮೇಲಿನವರು ಕಟ್ಟಿದ್ದರೆ, ಸಂತೆಯ ದರ ಅದನ್ನು ದಾಟಿದ ದಿನ ಉಳಿದದ್ದು ಹೆಡ್ಮಾಸ್ಟರ ಜೇಬಿನಿಂದ. ಮಕ್ಕಳ ಮಾಹಿತಿಯನ್ನು ಎಸ್‌ಎಟಿಎಸ್ ಎಂಬ ಇಲಾಖೆಯ ಜಾಲತಾಣಕ್ಕೆ ಏರಿಸಲು ನೆಟ್‌ವರ್ಕ್ ಸಿಗುವ ಜಾಗ ಹುಡುಕುತ್ತಿರಬಹುದು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅರವತ್ತು ಪ್ರಶ್ನೆ ಹಿಡಿದು ಮನೆ ಮನೆ ತಿರುಗಿದವರು ಯಾರು? ಸಮೀಕ್ಷೆ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಬಾಗಿಲಲ್ಲಿ ನಿಂತ ಮೇಡಂಗೆ ಒಂದು ಲೋಟ ನೀರು ಕೊಟ್ಟ ಮನೆಗಳೆಷ್ಟು ಅಂತ ಮಾತ್ರ ಕೇಳುತ್ತೇನೆ. ಆಮೇಲೆ ಮಗುವಿಗೆ ಮಗ್ಗಿ ಬರಲಿಲ್ಲವೆಂದು ಬೈಸಿಕೊಳ್ಳುವವರೂ ಅದೇ ಮೇಡಂ.

ಮೇಷ್ಟ್ರ ಮಕ್ಕಳು ಕಾನ್ವೆಂಟಿಗೆ ಹೋಗುತ್ತಾರೆ, ನಿಜ. ತಕರಾರು ತೆಗೆದವರ ಮಕ್ಕಳು ಮೊಮ್ಮಕ್ಕಳು ಬೆಳಿಗ್ಗೆ ಯಾವ ವ್ಯಾನು ಹತ್ತುತ್ತಾರೆ, ಸ್ವಲ್ಪ ವಿಚಾರಿಸಿ. ನನ್ನ ಇಬ್ಬರು ಮಕ್ಕಳೂ ಖಾಸಗಿ ಶಾಲೆಯಲ್ಲೇ ಓದಿದರು. ಪ್ರತಿ ನವೆಂಬರ್‌ನಲ್ಲಿ ಕನ್ನಡ ಶಾಲೆ ಉಳಿಸಿ ಎಂದು ಸಂಪಾದಕೀಯ ಬರೆದವನೂ ನಾನೇ. ಸರ್ಕಾರಿ ಶಾಲೆ ನಮ್ಮ ಪತ್ರಿಕೆಯಲ್ಲಿ ಸುದ್ದಿಯಾಗುವುದು ಹೆಂಚು ಉದುರಿದಾಗ, ಊಟದಲ್ಲಿ ಹಲ್ಲಿ ಬಿದ್ದಾಗ. ಇನ್ನೂರು ದಿನ ಹಲ್ಲಿ ಬೀಳದೆ ಬೆಂದ ಸಾಂಬಾರಿಗೆ ನಾವು ಒಂದು ಸಾಲೂ ಕೊಟ್ಟವರಲ್ಲ.

ಇನ್ನು ನಿಮ್ಮ ಕರಡು. ಐದು ಜನ ಶಿಕ್ಷಕರು, ಏಳು ಜನ ದಾನಿಗಳು. ದಾನಿಗಳ ಬಗ್ಗೆ ನನಗೆ ಗೌರವವಿದೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು, ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೊಳೆಯದೆ ನಿಂತವರು, ಬುಟ್ಟಿಯ ಚಿಲ್ಲರೆ ಕೂಡಿಸಿ ಊರಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಮರುವರ್ಷ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ತಗೊಂಡರು. ಅವರೂ ದಾನಿ, ಮೂರು ಫ್ಯಾನು ಕೊಟ್ಟು ಮೂರರ ಮೇಲೂ ಹೆಸರು ಬರೆಸುವವರೂ ದಾನಿ. ನಾನು ಹೋಗಿದ್ದ ಒಂದು ಶಾಲೆಗೆ ಯಾರೋ ತಮ್ಮ ತಾಯಿಯ ಜ್ಞಾಪಕಾರ್ಥ ಊಟದ ತಟ್ಟೆ ಕೊಟ್ಟಿದ್ದರು, ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿ. ಒಂದು ಹುಡುಗಿ ಸಾಲಿನಲ್ಲಿ ಹಟ ಹಿಡಿದಿತ್ತು, “ನಂಗೆ ಅಜ್ಜಿ ತಟ್ಟೇನೇ ಬೇಕು.” ಆ ತಾಯಿಗೆ ಇದಕ್ಕಿಂತ ಒಳ್ಳೆಯ ತಿಥಿ ಯಾವ ಮಗ ಮಾಡಿಯಾನು?

ಆದರೆ ಹಣ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ, ಹೊತ್ತು ಕೊಟ್ಟವರ ಹೆಸರು ಎಲ್ಲೂ ಇಲ್ಲ ಅಂದರೆ ಹೇಗೆ ಸ್ವಾಮಿ? 2001ರಲ್ಲಿ ಎಸ್‌ಡಿಎಂಸಿ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ, ಬಂದಾಗಿನಿಂದ ಸೋರುವ ಮಾಡಿಗಾಗಿ ಕೂಲಿ ಬಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಯ ಬೆಂಚಿನ ಮೇಲೆ ಕಾದು ಕೂತ ಅಪ್ಪಂದಿರು ನಿಮ್ಮೂರಲ್ಲೂ ಇರಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಯಾವುದೋ ಹುಡುಗಿ ಸಂಜೆ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಓದಿಸುತ್ತಿರಬೇಕು. ಅತಿಥಿ ಶಿಕ್ಷಕರ ಹೆಸರೂ ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಹತ್ತು-ಹನ್ನೆರಡು ಸಾವಿರಕ್ಕೆ ಪೂರ್ತಿ ಪಾಠ ಮಾಡುತ್ತಾರೆ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಸಂಬಳ ತಗೊಳ್ಳೋರಿಗೆ ಶಾಲು ಯಾಕೆ ಎಂಬ ತಕರಾರು ಇವರಿಗಂತೂ ತಟ್ಟುವುದಿಲ್ಲವಲ್ಲ!

ಕೊನೆಯದಾಗಿ ಪ್ರೂಫ್. ಕಾಗುಣಿತದ ತಪ್ಪು ನಾಲ್ಕಿದ್ದವು, ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ‘ಜ್ಯೋತಿ’ಗೆ ಒತ್ತು ಬಿಟ್ಟುಹೋಗಿತ್ತು. ಒಂದು ಸಾಲನ್ನು ಮಾತ್ರ ತಿದ್ದಲು ನನ್ನಿಂದ ಆಗಲಿಲ್ಲ. ಶಾಸಕರಿಂದ ಹಿಡಿದು ಮೈಕಿನವರವರೆಗೆ ಎಲ್ಲರಿಗೂ ‘ಶ್ರೀ’ ಹಚ್ಚಿ ಹೆಸರು ಹಾಕಿದ್ದೀರಿ. ಕಡೆಯಲ್ಲಿ ‘ಅಡುಗೆ ಸಿಬ್ಬಂದಿ’ ಅಂತಷ್ಟೇ ಇದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಒಲೆ ಹತ್ತಿದಾಗಿನಿಂದ ಈ ಹೆಂಗಸರು ಬೇಯಿಸುತ್ತಿದ್ದಾರೆ, ತಿಂಗಳಿಗೆ ಐದು ಸಾವಿರವೂ ಮುಟ್ಟದ ಗೌರವಧನಕ್ಕೆ. ಬೆಳಿಗ್ಗೆ ಹಾಲಿನ ಪುಡಿ ಕಲಸಿ ಕಾಯಿಸುವವರೂ ಅವರೇ, ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆಯುವವರೂ ಅವರೇ. ‘ಸಿಬ್ಬಂದಿ’ ಹೊಡೆದುಹಾಕಿ ಅಲ್ಲಿ ಮೂರು ಸಾಲು ಖಾಲಿ ಬಿಟ್ಟಿದ್ದೇನೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ಹೆಸರು ಕೇಳಿ, ತುಂಬಿಸಿ, ಆಮೇಲೆ ಪ್ರೆಸ್ಸಿಗೆ ಕೊಡಿ.

— ಸಂ.