ವಕೀಲರೊಬ್ಬರು ಸಣ್ಣ ಪಕ್ಷ ಸೇರಿದರೆ ರಾಜಕೀಯದಲ್ಲಿ ಎಷ್ಟು ದೂರ ಹೋಗಬಹುದು?

ಹೋಗಬಹುದು, ಆದರೆ ತಾಳ್ಮೆ ಜಾಸ್ತಿ ಬೇಕು. ಸ್ಕಾಟ್ಲೆಂಡಿನ ಮೆನ್ಜೀಸ್ ಕ್ಯಾಂಪ್‌ಬೆಲ್ ಅವರನ್ನೇ ನೋಡಿ.

ಮೊದಲು ಅವರು ಓಟಗಾರ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿದವರು. 1967ರಲ್ಲಿ 100 ಮೀಟರ್ ಅನ್ನು 10.2 ಸೆಕೆಂಡಿನಲ್ಲಿ ಮುಗಿಸಿ ಬ್ರಿಟನ್ ದಾಖಲೆ ಮಾಡಿದರು. ಮರುವರ್ಷ ಎಡಿನ್‌ಬರೋದಲ್ಲಿ ವಕೀಲಿಕೆ ಶುರು. 1982ರಲ್ಲಿ ಹಿರಿಯ ವಕೀಲರ ಪದವಿ.

ಲಿಬರಲ್ ಪಕ್ಷದಿಂದ ಚುನಾವಣೆಗೆ ನಿಂತರು, ಸೋತರು. 1974ರಲ್ಲಿ ಎರಡು ಸಲ, 1979ರಲ್ಲಿ, 1983ರಲ್ಲಿ ಮತ್ತೆ. ಒಂದೊಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಅಲ್ಲಿಯೂ ಇದೆ. ಹಾಗಾಗಿ ಮೂರನೇ ಪಕ್ಷಕ್ಕೆ ಮತ ಬಂದರೂ ಸೀಟು ಬರುವುದು ಕಷ್ಟ. ಕೊನೆಗೆ 1987ರಲ್ಲಿ ನಾರ್ತ್ ಈಸ್ಟ್ ಫೈಫ್‌ನಿಂದ ಗೆದ್ದರು. ಆಮೇಲೆ 2015ರವರೆಗೂ ಆ ಕ್ಷೇತ್ರ ಬಿಡಲಿಲ್ಲ.

ಅವರ ನಿಜವಾದ ತೂಕ ಕಂಡಿದ್ದು 2003ರಲ್ಲಿ. ಇರಾಕ್ ಯುದ್ಧವನ್ನು ಎರಡೂ ದೊಡ್ಡ ಪಕ್ಷಗಳ ನಾಯಕರು ಬೆಂಬಲಿಸಿದಾಗ, ಲಿಬರಲ್ ಡೆಮಾಕ್ರಾಟ್‌ಗಳ (ಹಳೆಯ ಲಿಬರಲ್ ಪಕ್ಷ ಇನ್ನೊಂದು ಪಕ್ಷದ ಜೊತೆ ಸೇರಿ ಆದ ಪಕ್ಷ) ವಿದೇಶಾಂಗ ವಕ್ತಾರರಾಗಿ ಅದನ್ನು ವಿರೋಧಿಸಿದರು. ನನ್ನ ಲೆಕ್ಕದಲ್ಲಿ ವಕೀಲಿಕೆಯ ಪಳಗುವಿಕೆ ಕೆಲಸಕ್ಕೆ ಬಂದಿದ್ದು ಅಲ್ಲೇ.

2006ರಲ್ಲಿ ಪಕ್ಷದ ನಾಯಕರಾದರು. ವಯಸ್ಸಾಯಿತು ಎಂದು ಪತ್ರಿಕೆಗಳು ಕಾಡಿದವು (64 ಅಷ್ಟೇ ಸ್ವಾಮಿ!). 2007ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಮಂತ್ರಿಯಂತೂ ಆಗಲೇ ಇಲ್ಲ.