ರಿವಾಲ್ವರ್ ಎಡಗೈಯಲ್ಲಿ, ತೆರೆಯೋದು ಮಾತ್ರ ಬಲಗೈಯಲ್ಲಿ

ಪ್ರಶ್ನೆ: ಲೈಸೆನ್ಸ್ ಮೇಲೆ ಕಾನ್ಪುರದ ಪಾಯಿಂಟ್ 32 ರಿವಾಲ್ವರ್ ತಗೊಂಡಿದ್ದೇನೆ. ನಾನು ರೊಡ್ಡ, ಅಂದರೆ ಎಡಗೈಯವ. ಗುರಿ ಚೆನ್ನಾಗೇ ಬರುತ್ತದೆ, ಆದರೆ ತೆರೆದು ಮತ್ತೆ ತುಂಬುವಾಗ ಕೈ ತಡವರಿಸುತ್ತದೆ. ರೇಂಜಿನಲ್ಲಿ ಒಬ್ಬರು ಬಲಗೈಯಲ್ಲೇ ಹೊಡೆಯೋದು ಕಲಿ ಅಂದರು. ಕಲಿಯಲಾ?
– ಜಮಖಂಡಿಯ ಓದುಗ

ಉತ್ತರ: ಬೇಡ. ಗುರಿ ಎಡಗೈಯಲ್ಲಿ ಬರುತ್ತಿದ್ದರೆ ಅದನ್ನು ಕೆಡಿಸಿಕೊಳ್ಳಬೇಡಿ. ನಾನೂ ರೊಡ್ಡನೇ, ಬೆಳಗಾವಿಯಲ್ಲಿ ಕಲಿಯುವಾಗ ಇದೇ ಮಾತು ಕೇಳಿ ಒಂದಿಷ್ಟು ದಿನ ಬಲಗೈಯಲ್ಲಿ ಒದ್ದಾಡಿದ್ದೆ, ಸುಮ್ನೆ ಕಾರ್ಟ್ರಿಡ್ಜ್ ಹಾಳಾದವು ಅಷ್ಟೇ.

ನಿಮ್ಮ ಕೈ ತಡವರಿಸೋದಕ್ಕೆ ಕಾರಣ ಆ ಗನ್ನಿನ ಚಿಲಕ. ಅದು ವೆಬ್ಲಿ ಮಾದರಿಯದು, ನಡುವೆ ಮಡಚಿ ತೆರೆಯುತ್ತದೆ, ಚಿಲಕ ಇರೋದು ಎಡಬದಿಗೆ, ಅಂದರೆ ಬಲಗೈ ಹೆಬ್ಬೆರಳಿಗೆ ಸಿಗೋ ಹಾಗೆ. ಎಡಗೈಯಲ್ಲಿ ಹಿಡಿದಾಗ ನಮ್ಮ ಹೆಬ್ಬೆರಳು ಇನ್ನೊಂದು ಬದಿಗಿರುತ್ತದೆ, ಅಲ್ವಾ?

ಹಾಗಾಗಿ ಹೊಡೆಯೋದು, ತುಂಬೋದು ಎಡಗೈಗೆ ಬಿಡಿ, ತೆರೆಯೋದನ್ನು ಬಲಗೈಗೆ ಕೊಡಿ. ಹೊಡೆದಾದ ಮೇಲೆ ಮೊದಲು ಬೆರಳು ಟ್ರಿಗರ್‌ನಿಂದ ಆಚೆ ಬರಲಿ. ನಳಿಗೆ ಗುರಿಯ ಕಡೆಗೇ ಇರಲಿ. ಆಮೇಲೆ ಹಿಡಿಯನ್ನು ಬಲಗೈಗೆ ದಾಟಿಸಿ, ಬಲ ಹೆಬ್ಬೆರಳಿನಿಂದ ಚಿಲಕ ಒತ್ತಿ, ಎಡಗೈಯಿಂದ ನಳಿಗೆಯನ್ನು ಕೆಳಕ್ಕೆ ಒತ್ತಿ ಒಂದೇ ಏಟಿಗೆ ಪೂರ್ತಿ ಮಡಚಿ. ಆಗ ನಕ್ಷತ್ರದ ಹಾಗಿರೋ ಎಕ್ಸ್‌ಟ್ರಾಕ್ಟರ್ ಆರೂ ಕೇಸ್‌ಗಳನ್ನು, ಅಂದರೆ ಹೊಡೆದಾದ ಕಾರ್ಟ್ರಿಡ್ಜ್‌ಗಳ ಖಾಲಿ ಕವಚಗಳನ್ನು, ಒಟ್ಟಿಗೆ ಎತ್ತಿ ಹಾಕುತ್ತದೆ. ಹೆದರಿ ಹೆದರಿ ಅರ್ಧ ತೆರೆದರೆ ಒಂದು ಕೇಸ್ ಅದರ ಅಡಿಗೆ ಜಾರಿ ಸಿಕ್ಕಿಕೊಳ್ಳಬಹುದು, ಅದನ್ನು ಬಿಡಿಸೋದು ದೊಡ್ಡ ತಾಪತ್ರಯ. ಈಗ ಎಡಗೈ ಖಾಲಿ ಇದೆ. ನಿಮ್ಮ ಚುರುಕು ಬೆರಳುಗಳೇ ಕಾರ್ಟ್ರಿಡ್ಜ್ ತುಂಬುತ್ತವೆ. ಬಲಗೈಯವರು ಎಷ್ಟೋ ಜನ ಈ ಕೆಲಸವನ್ನು ಚುರುಕಿಲ್ಲದ ಕೈಯಲ್ಲಿ ಮಾಡುತ್ತಾರೆ.

ಕಾರ್ಟ್ರಿಡ್ಜ್ ಡಬ್ಬಿ ನಿಮ್ಮ ಎಡಕ್ಕಿರಲಿ. ಬಲಕ್ಕಿಟ್ಟರೆ ಕೈ ಚಾಚುವಾಗ ಮೈ ತಿರುಗುತ್ತದೆ, ಮೈ ಜೊತೆ ನಳಿಗೆಯೂ ಪಕ್ಕದವರ ಕಡೆ ತಿರುಗುತ್ತದೆ. ನಾನು ನೋಡಿದ ಅಪಾಯಗಳಲ್ಲಿ ಜಾಸ್ತಿ ಇದೇ.

ಸಿಲಿಂಡರ್, ಅಂದರೆ ಕಾರ್ಟ್ರಿಡ್ಜ್ ತುಂಬೋ ಉರುಳೆ, ಪಕ್ಕಕ್ಕೆ ಹೊರಬರೋ ರಿವಾಲ್ವರ್ ಕೈಗೆ ಬಂದರೂ ಇದೇ ಕ್ರಮ ನಡೆಯುತ್ತದೆ. ಅವುಗಳ ಸಿಲಿಂಡರ್ ಸಾಮಾನ್ಯವಾಗಿ ಎಡಕ್ಕೆ ತೆರೆಯುತ್ತದೆ. ಚಿಲಕವನ್ನು ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ಕೇಸ್ ಬೀಳಿಸುವಾಗ ನಳಿಗೆ ಮೇಲಕ್ಕೆ, ತುಂಬುವಾಗ ಕೆಳಕ್ಕೆ. ಸಿನಿಮಾದವರ ಹಾಗೆ ಮಣಿಕಟ್ಟು ಝಾಡಿಸಿ ಮುಚ್ಚಬೇಡಿ, ಸಿಲಿಂಡರ್ ಹಿಡಿದಿರೋ ತೋಳು ಬಾಗುತ್ತದೆ.

ಇನ್ನೊಂದು, ಎಡಗೈಯವರಿಗೆ ಪಿಸ್ತೂಲಿಗಿಂತ ರಿವಾಲ್ವರ್ ಹಿತ. ಪಿಸ್ತೂಲ್ ಸಾಮಾನ್ಯವಾಗಿ ಬಿಸಿ ಕೇಸನ್ನು ಬಲಕ್ಕೆ ಎಸೆಯುತ್ತದೆ, ಅದು ನಮ್ಮ ಮುಖದ ಮುಂದೆಯೇ ಹಾರಿಹೋಗಬಹುದು. ಹೊಡೆಯುವಾಗ ರಿವಾಲ್ವರ್ ಕೇಸ್ ಎಸೆಯುವುದಿಲ್ಲ. ಆದರೆ ಸಿಲಿಂಡರ್ ಮತ್ತು ನಳಿಗೆ ನಡುವಿನ ಸಂದಿಯಿಂದ ಬಿಸಿ ಗ್ಯಾಸ್ ಚಿಮ್ಮುತ್ತದೆ, ಆಸರೆ ಕೊಡೋ ಬಲಗೈ ಬೆರಳು ಅಲ್ಲಿಗೆ ಹೋಗಲೇಬಾರದು.

ಮನೆಯಲ್ಲಿ ಡಮ್ಮಿ ಕಾರ್ಟ್ರಿಡ್ಜ್ ಇಟ್ಟುಕೊಂಡು ನಿಧಾನಕ್ಕೆ ಅಭ್ಯಾಸ ಮಾಡಿ, ಅಸಲಿ ಕಾರ್ಟ್ರಿಡ್ಜ್ ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ.

ಪ್ರಶ್ನೆ: ಎಡಗೈ ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟೋ ಗನ್ನಿನ ಚೀಲ) ಅಂಗಡಿಯಲ್ಲಿ ಸಿಗುತ್ತಿಲ್ಲ. ಏನು ಮಾಡಲಿ?
– ವಿಜಯಪುರದ ಓದುಗ

ಉತ್ತರ: ಬಲಗೈಯದನ್ನೇ ತಿರುಗಿಸಿ ಕಟ್ಟಿಕೊಳ್ಳಬೇಡಿ. ಅಥಣಿ ಕಡೆ ಚರ್ಮದ ಚಪ್ಪಲಿ ಹೊಲಿಯೋ ಕಸುಬುದಾರರಿದ್ದಾರೆ, ಅಂಥವರ ಹತ್ತಿರ ಅಳತೆ ಕೊಟ್ಟು ಹೊಲಿಸಿ. ಅಳತೆಗೆ ಕಾಗದದ ನಕ್ಷೆ ಸಾಕು, ಗನ್ ಒಯ್ಯೋದು ಬೇಡ. ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತಲಿನ ಬಳೆ, ಪೂರ್ತಿ ಮುಚ್ಚಬೇಕು, ಚರ್ಮ ದಪ್ಪ ಇರಬೇಕು. ಮೆತ್ತಗಿದ್ದರೆ ಮಡಚಿಕೊಂಡು ಒಳಗೆ ಟ್ರಿಗರ್‌ಗೆ ತಾಗುತ್ತದೆ.